ಟೇಪಣ್ಣನ ಕಾಲುಹಾರ್ಮೋನಿಯಂ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಇರುಕಿಕೊಂಡಿರುವ ಟೈಲರ್ ಅಂಗಡಿಯ ಯಜಮಾನನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದು ಇದ್ದೇ ಇದೆ. ಆದರೆ ಆ ಹೆಸರು ಹಿಡಿದು ವಿಚಾರಿಸಿದರೆ ಬೀದಿಯವರು ತಲೆ ಕೆರೆದುಕೊಳ್ಳುತ್ತಾರೆ. ಟೇಪಣ್ಣ ಅನ್ನಿ, ಕೈಹಿಡಿದು ಕರೆತಂದು ಬಾಗಿಲಲ್ಲಿ ಬಿಡುತ್ತಾರೆ. ಕತ್ತಿನಲ್ಲಿ ಅಳತೆಯ ಟೇಪು ಇಲ್ಲದೆ ಅವನನ್ನು ಕಂಡವರಿಲ್ಲ. ಅವನ ಮದುವೆಯ ಫೋಟೋದಲ್ಲೂ ಕೋಟಿನ ಕಾಲರಿನ ಕೆಳಗಿನಿಂದ ಹಳದಿ ಟೇಪಿನ ತುದಿ ಇಣುಕುತ್ತಿದೆ. ನನ್ನನ್ನು ಮದುವೆಯಾಗೋಕೆ ಬಂದಿದ್ದೋ, ಅಳತೆ ತಗೊಳ್ಳೋಕೆ ಬಂದಿದ್ದೋ ಅಂತ ಹೆಂಡತಿ ಇವತ್ತಿಗೂ ಕೇಳುತ್ತಾಳೆ.

ಅಂಗಡಿ ಎಂದರೆ ಒಂದೇ ಉದ್ದನೆಯ ಕೋಣೆ. ಮುಂದೆ ಬಟ್ಟೆ ಕತ್ತರಿಸುವ ಮೇಜು, ಅದರ ಪಕ್ಕದಲ್ಲಿ ಅವನ ತಾಯಿ ಬಳಸುತ್ತಿದ್ದ ತುಳಿಯುವ ಮೆಷಿನ್ನು, ಅದರ ಕಾಲಬುಡದಲ್ಲಿ ಕತ್ತರಿಸಿ ಉಳಿದ ತುಂಡುಬಟ್ಟೆಗಳ ರಾಶಿ. ಹಿಂದೆ ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿಕೊಂಡು ಹೆಂಡತಿ ಕಾಜ ಹೊಲಿಯುತ್ತಾಳೆ, ಗುಂಡಿ ಹಚ್ಚುತ್ತಾಳೆ, ಬಂದವರ ಸುದ್ದಿಯನ್ನೆಲ್ಲ ಕೇಳಿ ತಿಳಿದುಕೊಳ್ಳುತ್ತಾಳೆ. ಊರಿನ ಟೈಲರುಗಳೆಲ್ಲ ಮೆಷಿನ್ನಿಗೆ ಮೋಟಾರು ಹಾಕಿಸಿಕೊಂಡು ವರ್ಷಗಳಾದವು. ಟೇಪಣ್ಣನಿಗೆ ಮಾತ್ರ ಅದು ಒಗ್ಗಲಿಲ್ಲ. ಕಾಲು ಆಡದಿದ್ದರೆ ತನ್ನ ಕೈಯೂ ಆಡುವುದಿಲ್ಲ ಎಂಬುದು ಅವನ ವಾದ.

ಹೊಲಿಗೆಯಲ್ಲಿ ಅವನದು ಪಳಗಿದ ಕೈ. ಸಂಗೀತಕ್ಕೂ ಅವನಿಗೂ ಮಾತ್ರ ಎಣ್ಣೆ ಸೀಗೆಕಾಯಿ. ಚಿಕ್ಕಂದಿನಲ್ಲಿ ಶಾಲೆಯ ಗುಂಪುಹಾಡಿನ ದಿನ ಟೀಚರು ಅವನನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, ನೀನು ಬಾಯಿ ಆಡಿಸಿದರೆ ಸಾಕು ಮರಿ, ದನಿ ಬೇಡ ಎಂದಿದ್ದರು. ಆ ಮಾತನ್ನು ಅವನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದ. ಹೀಗಿದ್ದವನ ತಲೆಗೆ ಹುಳ ಬಿಟ್ಟವಳು ಮಗಳು.

ಮಗಳು ಎರಡು ಸ್ಟಾಪ್ ಆಚೆ ಗಂಡನೊಂದಿಗೆ ಇದ್ದಾಳೆ. ಬೇಕರಿಯಲ್ಲಿ ಕೇಕಿನ ಮೇಲೆ ಹೂಬಳ್ಳಿ ಬಿಡಿಸುವ, ಹೆಸರು ಬರೆಯುವ ಕೆಲಸ. ಬಸುರಿಯಾಗಿ ಹೊಟ್ಟೆ ಮೇಜಿಗೆ ತಾಗತೊಡಗಿದ ಮೇಲೆ ರಜೆ ಹಾಕಿ, ಹೊತ್ತು ಹೋಗದೆ ದಿನಾ ಅಂಗಡಿಗೆ ಬಂದು ಕೂರುತ್ತಿದ್ದಳು. ಒಂದು ಬೆಳಿಗ್ಗೆ ತುಂಡುಬಟ್ಟೆಯ ರಾಶಿಯನ್ನೇ ನೋಡುತ್ತ ಸುಮ್ಮನಿದ್ದವಳು, ಇದ್ದಕ್ಕಿದ್ದಂತೆ ಕೇಳಿದಳು:

"ಅಪ್ಪಾ, ನಾನಿಲ್ಲಿ ಮಲಗ್ತಿದ್ದಾಗ ಅಜ್ಜಿ ಒಂದು ಹಾಡು ಗುನುಗ್ತಿದ್ಳಲ್ಲ, ಅದು ನಿಂಗೆ ನೆನಪಿದೆಯಾ? ನಂಗೆ ನಿದ್ದೆ ಬರ್ತಿದ್ದದ್ದು ನೆನಪಿದೆ, ಹಾಡು ಮಾತ್ರ ನೆನಪಾಗ್ತಿಲ್ಲ. ಈ ಮಗೂಗೆ ಅದೇ ಬೇಕು ನಂಗೆ."

ನೆನಪಿಲ್ಲದೆ ಏನು? ಅವನೂ ಅದೇ ರಾಶಿಯ ಮೇಲೆ ಮಲಗಿ ಬೆಳೆದವನು. ಆ ಹಾಡಿಗೆ ಮಾತಿರಲಿಲ್ಲ. ಹೊಲಿಯುವಾಗ ಅವನ ತಾಯಿ ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುತ್ತಿದ್ದಳು, ಬಾಯಿ ತೆರೆಯುವ ಹಾಗಿರಲಿಲ್ಲ. ಹಾಗಾಗಿ ಇಡೀ ಹಾಡು ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿಯುತ್ತಿತ್ತು. ಅದನ್ನು ಆಕೆ ಯಾರಿಂದಲೂ ಕಲಿತದ್ದಲ್ಲ, ಯಾರಿಗೂ ಕಲಿಸಿದ್ದೂ ಅಲ್ಲ. ಆಕೆ ತೀರಿಕೊಂಡ ಮೇಲೆ ಅದು ಉಳಿದಿದ್ದು ಟೇಪಣ್ಣನ ತಲೆಯೊಳಗೆ ಮಾತ್ರ. ತಲೆಯೊಳಗೆ ಚೊಕ್ಕವಾಗಿ ಓಡುತ್ತಿತ್ತು ಕೂಡ.

ಖುಷಿಯಲ್ಲಿ ಅವನು ಗುನುಗಿ ತೋರಿಸಿದ. ಮಗಳು ಮೊದಲು ಗಂಭೀರವಾಗಿ ಕೇಳಿಸಿಕೊಂಡಳು, ಆಮೇಲೆ ತುಟಿ ಕಚ್ಚಿಕೊಂಡಳು, ಕೊನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಿಟಕಿಯ ಬಳಿಯಿಂದ ಹೆಂಡತಿ, ರೀ, ಮೆಷಿನ್ನಿಗೆ ಎಣ್ಣೆ ಬಿಡಿ, ಅಳ್ತಾ ಇದೆ ಪಾಪ, ಎಂದಳು. ಅವನೂ ನಕ್ಕ. ಆದರೆ ಆ ದಿನವಿಡೀ ಅವನ ಎದೆಯಲ್ಲಿ ಒಂದು ಮುಳ್ಳು ಆಡುತ್ತಲೇ ಇತ್ತು. ಒಳಗಿರುವ ಹಾಡನ್ನು ಹೊರಗೆ ತರಲಾಗದಿದ್ದರೆ ಅದು ತನ್ನ ಜೊತೆಗೇ ಮುಗಿದುಹೋಗುತ್ತದೆ. ಅಮ್ಮ ಬಿಟ್ಟುಹೋದದ್ದು ಎರಡೇ, ಈ ಮೆಷಿನ್ನು ಮತ್ತು ಆ ಹಾಡು. ಮೆಷಿನ್ನನ್ನು ತಾನು ಇಷ್ಟು ಚೆನ್ನಾಗಿ ಕಾಪಾಡಿ, ಹಾಡನ್ನು ಕಳೆಯುವುದೇ? ಗಂಟಲು ಕೈಕೊಟ್ಟರೆ ಕೊಡಲಿ, ಕೈಯಲ್ಲೇ ನುಡಿಸುತ್ತೇನೆ ಎಂದು ತೀರ್ಮಾನಿಸಿ, ಮರುದಿನವೇ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ಪೇಟೆಯ ವಾದ್ಯದಂಗಡಿಗೆ ಹೊರಟ.

ವಾದ್ಯದಂಗಡಿಯವನು ಮಾತಿನ ಮಲ್ಲ. ಕಲಿಯಲು ಎಲ್ಲಕ್ಕಿಂತ ಸುಲಭವಾದ ವಾದ್ಯ ಬೇಕು ಎಂದಾಗ, ಮೊಮ್ಮಗುವಿಗಾ ಎಂದು ವಿಚಾರಿಸಿದ. ಅಲ್ಲ, ನನಗೆ, ಮೊಮ್ಮಗು ಇನ್ನೂ ದಾರಿಯಲ್ಲಿದೆ ಎಂದು ಟೇಪಣ್ಣ ಹೇಳಿದ. ಅಂಗಡಿಯವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗಾಜಿನ ಪೆಟ್ಟಿಗೆಯಿಂದ ಒಂದು ಕೊಳಲು ತೆಗೆದು ಕೊಟ್ಟ. ಊದಿದರೆ ನುಡಿಯುತ್ತೆ, ಇದಕ್ಕಿಂತ ಸುಲಭದ್ದು ಹುಟ್ಟೇ ಇಲ್ಲ ಎಂದ.

ಊದಿದರೆ ನುಡಿಯುತ್ತದೆ ನಿಜ, ಊದಬೇಕಲ್ಲ. ಇಷ್ಟು ವರ್ಷ ಸೂಜಿ ಕಚ್ಚಿಕೊಂಡು ಅಭ್ಯಾಸವಾದ ತುಟಿ ಟೇಪಣ್ಣನದು. ಉಸಿರು ಹೊರಗೆ ಹೋಗುವಂತೆ ತುಟಿ ಬಿಚ್ಚು ಎಂದರೆ ಅದು ಇನ್ನಷ್ಟು ಬಿಗಿಯುತ್ತಿತ್ತು. ಕೆನ್ನೆ ಉಬ್ಬಿ, ಕಣ್ಣು ಕೆಂಪಾಗಿ, ಹಣೆಯ ಮೇಲೆ ನರ ಎದ್ದರೂ ಕೊಳಲು ತುಟಿಪಿಟಕ್ಕೆನ್ನಲಿಲ್ಲ. ಪಕ್ಕದ ಔಷಧಿ ಅಂಗಡಿಯವರು ಒಮ್ಮೆ ಇಣುಕಿ ನೋಡಿ, ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊಂಡಿದ್ದೀರಾ ಎಂದು ಕೇಳಿ ಹೋದರು.

ಕೊಳಲನ್ನು ಹಿಂದಕ್ಕೆ ಕೊಟ್ಟು ಮೌತ್ ಆರ್ಗನ್ ತಂದ. ಉಸಿರು ಬಿಟ್ಟರೂ ನುಡಿಯುತ್ತೆ, ಎಳೆದರೂ ನುಡಿಯುತ್ತೆ, ಇದಕ್ಕಿಂತ ಸುಲಭದ್ದು ಹುಟ್ಟೇ ಇಲ್ಲ ಎಂದು ಅಂಗಡಿಯವನು ಅದೇ ಮುಖದಲ್ಲಿ ಹೇಳಿದ್ದ. ಇದು ನುಡಿಯಿತು. ಆದರೆ ಆ ಕಡೆಯಿಂದ ಈ ಕಡೆಗೆ ಜಾರಿಸಿದಾಗ ಟೇಪಣ್ಣನ ಮೀಸೆಯ ಎರಡು ಕೂದಲನ್ನು ಕಚ್ಚಿ ಹಿಡಿಯಿತು. ಅಂದು ಅವನ ಬಾಯಿಂದ ಹೊರಟ ಸ್ವರವೇ ಅವನ ಜೀವಮಾನದ ಅತಿ ಎತ್ತರದ ಸ್ವರ. ಮೀಸೆ ತೆಗೆದುಬಿಡಿ ಎಂದಳು ಹೆಂಡತಿ. ಹಾಡಿಗಾಗಿ ಏನು ಬೇಕಾದರೂ ಬಿಟ್ಟೇನು, ಮೀಸೆ ಬಿಡಲಾರೆ ಎಂದು ಅವನು ಮೌತ್ ಆರ್ಗನ್ನನ್ನು ಗುಂಡಿ ಡಬ್ಬದಲ್ಲಿ ಹಾಕಿ ಮುಚ್ಚಿದ.

ಮೂರನೆಯದು ಉಕುಲೇಲಿ, ಆಟಿಕೆಯಷ್ಟೇ ಇರುವ ನಾಲ್ಕು ತಂತಿಯ ಗಿಟಾರು. ಬೆರಳು ನೋಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಅವನ ಬೆರಳಿಗೆ ಅದು ಯಾವ ಲೆಕ್ಕ? ಕೆಡಿಸಿದ್ದು ಕೆಲಸದ ಬುದ್ಧಿ. ತಂತಿ ಸ್ವಲ್ಪ ಸಡಿಲ ಅನಿಸಿದರೆ ಮೆಷಿನ್ನಿನ ದಾರ ಬಿಗಿ ಮಾಡುವ ತಿರುಪನ್ನು ತಿರುಗಿಸುವಂತೆ ತಿರುಗಿಸಿಬಿಡುತ್ತಿದ್ದ. ಹೊಲಿಗೆಗೆ ಬಿಗಿಯಾದ ದಾರವೇ ಚೆಂದ, ಉಕುಲೇಲಿಗೆ ಅಲ್ಲ. ಟಪ್ಪನೆ ಹರಿದ ತಂತಿ ಗಿರಾಕಿಯೊಬ್ಬರ ಕನ್ನಡಕಕ್ಕೆ ಬಡಿಯಿತು. ಸದ್ಯ, ಕಣ್ಣು ಉಳಿಯಿತು, ಗಿರಾಕಿಯೂ ಉಳಿದರು.

ಆ ಗಿರಾಕಿ ಬೇರಾರೂ ಅಲ್ಲ, ಮೂಲೆಮನೆಯ ಸಂಗೀತದ ಟೀಚರಮ್ಮ. ಬಾಗಿಲಿನ ಪರದೆಯ ಅಂಚು ಮಡಚಿಸಲು ಬಂದಿದ್ದರು. ಕನ್ನಡಕ ಒರೆಸಿಕೊಳ್ಳುತ್ತ ಅವರು ಕಥೆಯೆಲ್ಲ ಕೇಳಿದರು. ಕೊಳಲಿನ ಭಾಗ ಬಂದಾಗ ನಕ್ಕರು, ಅಜ್ಜಿಯ ಹಾಡಿನ ಭಾಗ ಬಂದಾಗ ನಗು ನಿಲ್ಲಿಸಿದರು.

"ಸುಲಭದ ವಾದ್ಯ ಅಂತ ಒಂದು ಇಲ್ಲ ಟೇಪಣ್ಣ. ನಿಮಗೆ ಯಾವುದು ಸುಲಭ ಅಂತ ನೋಡ್ಬೇಕು. ಅಳತೆ ತಗೊಳ್ದೆ ಅಂಗಿ ಹೊಲೀತೀರಾ ನೀವು? ನಾಳೆ ಮನೆಗೆ ಬನ್ನಿ."

ಟೀಚರಮ್ಮನ ಮನೆಯ ಮುಂಗೋಣೆಯಲ್ಲಿ ವಾದ್ಯಗಳಿಗಿಂತ ಗಿಡಗಳೇ ಜಾಸ್ತಿ. ಅವರು ಚಾಪೆಯ ಮೇಲೆ ಹಾರ್ಮೋನಿಯಂ ಇಟ್ಟು, ಎಡಗೈಯಲ್ಲಿ ಗಾಳಿ ತುಂಬುವ ತಿದಿ ಒತ್ತುವುದನ್ನೂ ಬಲಗೈಯಲ್ಲಿ ಕೀಗಳನ್ನು ಒತ್ತುವುದನ್ನೂ ತೋರಿಸಿಕೊಟ್ಟರು. ಟೇಪಣ್ಣ ಒಂದು ಕೀ ಒತ್ತಿದ, ಸ್ವರ ಬಂತು. ಅವನ ಮುಖ ಅರಳಿತು. ಎರಡನೆಯದು ಒತ್ತಿದ, ತಿದಿ ನಿಂತಿತು. ತಿದಿ ಒತ್ತಿದ, ಬೆರಳು ನಿಂತಿತು. ಎರಡೂ ಕೈ ಒಟ್ಟಿಗೆ ಹೊರಡಲು ಒಪ್ಪದೆ ಜಗಳಕ್ಕೆ ನಿಂತವು. ಆದರೆ ಟೀಚರಮ್ಮ ನೋಡುತ್ತಿದ್ದುದು ಕೈಗಳನ್ನಲ್ಲ. ಚಾಪೆಯ ಮೇಲೆ ಮಡಚಿ ಕೂತರೂ ಅವನ ಬಲಪಾದ ತನ್ನ ಪಾಡಿಗೆ ತಾನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಲೇ ಇತ್ತು. ಅದೂ ಒಂಚೂರು ಏರುಪೇರಿಲ್ಲದೆ.

ಅವರು ಎದ್ದು ಮೂಲೆಗೆ ಹೋಗಿ ಒಂದೊಂದೇ ಹೂಕುಂಡವನ್ನು ಕೆಳಗಿಳಿಸತೊಡಗಿದರು. ಕುಂಡಗಳ ಕೆಳಗೊಂದು ದಪ್ಪ ಬಟ್ಟೆ, ಬಟ್ಟೆಯ ಕೆಳಗೊಂದು ಹಳೆಯ ಮರದ ಪೆಟ್ಟಿಗೆ. ಎತ್ತರಕ್ಕೆ ಕಾಲುಗಳ ಮೇಲೆ ನಿಂತ ಹಾರ್ಮೋನಿಯಂ ಅದು, ಕೆಳಗೆ ತುಳಿಯಲು ಒಂದೇ ಅಗಲವಾದ ಹಲಗೆ. ಅದನ್ನು ಕಂಡದ್ದೇ ಟೇಪಣ್ಣ ಯಾರೂ ಹೇಳದೆ ಸ್ಟೂಲು ಎಳೆದುಕೊಂಡು ಕೂತ, ಪಾದ ಇಟ್ಟ, ತುಳಿದ. ಒಳಗೆ ಗಾಳಿ ತುಂಬಿ ಪೆಟ್ಟಿಗೆ ಉಸಿರಾಡಿತು. ಕಾಲು ಕೆಲಸಕ್ಕೆ ಬಿದ್ದ ಮೇಲೆ ಕೈಗಳು ತಕರಾರು ಮಾಡಲಿಲ್ಲ. ಅವನಿಗೆ ಮನೆಗೆ ಬಂದಷ್ಟೇ ಹಾಯೆನಿಸಿತು. ನಾಳೆಯಿಂದ ಗಿಡಗಳಿಗೆ ಬೇರೆ ಜಾಗ ನೋಡಬೇಕು ಎಂದು ಟೀಚರಮ್ಮ ತಮ್ಮಷ್ಟಕ್ಕೆ ಹೇಳಿಕೊಂಡರು. ವಾರ ಕಳೆಯುವಷ್ಟರಲ್ಲಿ ಆ ಪೆಟ್ಟಿಗೆ ಸಾಮಾನಿನ ಗಾಡಿ ಹತ್ತಿ ಟೈಲರ್ ಅಂಗಡಿಗೇ ಬಂದು ಮೆಷಿನ್ನಿನ ಎದುರಿಗೆ ನಿಂತಿತು.

ಕಲಿಕೆ ಸಲೀಸಾಗಿ ಸಾಗಿತು, ಒಂದೇ ಒಂದು ತೊಡಕನ್ನು ಬಿಟ್ಟರೆ. ಸ, ರಿ, ಗ, ಮ ಎಂದು ಟೀಚರಮ್ಮ ನುಡಿಸಿ ತೋರಿಸಿದರೆ ಟೇಪಣ್ಣ ಮೊದಲ ಎರಡು ಸ್ವರ ನುಡಿಸಿ, ಮತ್ತೆ ಹಿಂದಕ್ಕೆ ಬಂದು ಅವೆರಡನ್ನೇ ನುಡಿಸಿ, ಆಮೇಲೆ ಮುಂದಕ್ಕೆ ಹೋಗುತ್ತಿದ್ದ. ಸಾಲಿನ ಕೊನೆ ಮುಟ್ಟಿದರೂ ಹಾಗೇ, ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಮುಂದೆ ಬಂದು ನಿಲ್ಲಿಸುತ್ತಿದ್ದ. ಯಾಕೆ ಹೀಗೆ ಎಂದು ಟೀಚರಮ್ಮ ಕೇಳಿದಾಗ ಅವನಿಗೆ ತಾನು ಹಾಗೆ ಮಾಡುತ್ತಿರುವುದೇ ಗೊತ್ತಿರಲಿಲ್ಲ. ಉತ್ತರ ಕೊಟ್ಟಿದ್ದು ಹೆಂಡತಿ. ಹೊಲಿಗೆ ಶುರುವಾಗುವಲ್ಲಿ, ಮುಗಿಯುವಲ್ಲಿ ಟೈಲರುಗಳು ನಾಲ್ಕು ಹೊಲಿಗೆ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರುತ್ತಾರೆ. ಅದಕ್ಕೆ ಲಾಕ್ ಮಾಡುವುದು ಎನ್ನುತ್ತಾರೆ. ಹಾಗೆ ಮಾಡದಿದ್ದರೆ ದಾರ ಬಿಟ್ಟುಕೊಂಡು ಹೊಲಿಗೆಯೆಲ್ಲ ಬಿಚ್ಚಿಹೋಗುತ್ತದೆ. ಇವರು ಸ್ವರವನ್ನೂ ಲಾಕ್ ಮಾಡ್ತಿದ್ದಾರೆ ಟೀಚರಮ್ಮ, ಬಿಚ್ಚಿಹೋದೀತು ಅಂತ ಭಯ, ಎಂದಳು.

ಟೀಚರಮ್ಮ ಈಗಲೂ ಆ ಪಾಠ ನೆನೆಸಿಕೊಂಡು ನಗುತ್ತಾರೆ. ಆದರೆ ಅಂದು ಅವರು ಪಟ್ಟು ಹಿಡಿದು ಆ ಚಟ ಬಿಡಿಸಿದರು. ಸ್ವರ ಬಿಚ್ಚಿಹೋಗುವುದಿಲ್ಲ, ಧೈರ್ಯವಾಗಿ ಮುಂದೆ ಹೋಗಿ ಎಂದು ಬೆನ್ನು ತಟ್ಟಿದರು. ಟೇಪಣ್ಣನೂ ವಿಧೇಯ ವಿದ್ಯಾರ್ಥಿ. ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಮೆಷಿನ್ನಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಮೆಷಿನ್ನಿಗೆ ತಿರುಗುತ್ತಿದ್ದ. ಒಮ್ಮೆ ಯಾವುದೋ ಯೋಚನೆಯಲ್ಲಿ ಪ್ಯಾಂಟಿನ ಕಾಲನ್ನು ಕೀಗಳ ಮೇಲೆ ಹರಡಿ ತುಳಿಯಲು ಶುರುಮಾಡಿ, ಬಂದ ಸದ್ದಿಗೆ ತಾನೇ ಬೆಚ್ಚಿಬಿದ್ದ. ದಿನ ಕಳೆದಂತೆ ತಲೆಯೊಳಗಿನ ಹಾಡಿನ ಸ್ವರಗಳನ್ನು ಒಂದೊಂದಾಗಿ ಹುಡುಕಿ ಹಿಡಿದ. ಎಲ್ಲಿ ಕೈ ಹಿಂದಕ್ಕೆ ಜಾರಿದರೂ ನಾಲಿಗೆ ಕಚ್ಚಿಕೊಂಡು ಅದನ್ನು ಬಿಡಿಸಿ ನೆಟ್ಟಗೆ ಮಾಡಿದ. ಕೊನೆಗೆ ಹಾಡು ಇಸ್ತ್ರಿ ಮಾಡಿಟ್ಟ ಅಂಗಿಯಷ್ಟು ಚೊಕ್ಕವಾಯಿತು. ಟೀಚರಮ್ಮ ಕೇಳಿ ಶಹಬ್ಬಾಸ್ ಎಂದರು. ಜೀವಮಾನದಲ್ಲಿ ಸಂಗೀತದ ಟೀಚರೊಬ್ಬರಿಂದ ಅವನಿಗೆ ಸಿಕ್ಕಿದ ಮೊದಲ ಶಹಬ್ಬಾಸ್ ಅದು. ಆ ದಿನ ಅವನು ಹೊಲಿದ ಅಂಗಿಗಳಿಗೆಲ್ಲ ಒಂದೊಂದು ಜೇಬು ಹೆಚ್ಚಾಗಿ ಬಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಮಗು ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ಬಂದುಬಿಟ್ಟಿತು. ಹೆಣ್ಣುಮಗು, ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಯಾರ ಮಾತೂ ಕೇಳುವವಳಲ್ಲ ಎಂಬ ಮುಖಭಾವದಲ್ಲಿ. ಹುಟ್ಟಿದ್ದೇ ನಿದ್ದೆಯ ಮೇಲೆ ಯುದ್ಧ ಸಾರಿತು. ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಮಗಳು ಅಳಿಯ ಸರದಿಯ ಮೇಲೆ ಹೊತ್ತು ತಿರುಗಿದರು. ಮಗಳ ಕಣ್ಣ ಸುತ್ತ ಕಪ್ಪು ಕಟ್ಟಿತು. ಮಗು ಒಂದು ಗಳಿಗೆ ಸುಮ್ಮನಾದಾಗ ಮಲಗಿದರೂ ತನಗೇ ನಿದ್ದೆ ಹತ್ತುತ್ತಿಲ್ಲ ಅಂತ ಅವಳು ಅಮ್ಮನ ಹತ್ತಿರ ಅಳುದನಿಯಲ್ಲಿ ಹೇಳಿಕೊಂಡಳು. ಮಗು ಎತ್ತಿಕೊಂಡು ಅಂಗಡಿಗೆ ಬಾ ಎಂದು ಟೇಪಣ್ಣ ಫೋನು ಮಾಡಿಸಿದ.

ಆ ಮಧ್ಯಾಹ್ನ ಅವನು ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿ, ಟೇಪನ್ನು ಕೂಡ ಸರಿಯಾಗಿ ಇಳಿಬಿಟ್ಟುಕೊಂಡು ಕಾಯುತ್ತಿದ್ದ. ಮಗಳು ಬಂದು ಕೂತಳು. ಕೊಸರಾಡುತ್ತಿದ್ದ ಮಗುವನ್ನು ಹೆಂಡತಿ ಎತ್ತಿಕೊಂಡಳು. ಟೇಪಣ್ಣ ಕಾಲುಹಾರ್ಮೋನಿಯಂ ತುಳಿದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಂದೂ ತಪ್ಪಿಲ್ಲದೆ ನುಡಿಸಿದ. ಮುಗಿಸಿ ತಿರುಗಿ ನೋಡಿದ.

ಮಗಳು ನಕ್ಕು, ಚೆನ್ನಾಗಿದೆ ಅಪ್ಪ ಎಂದಳು. ಆ ನಗುವನ್ನು ಅವನು ಚೆನ್ನಾಗಿ ಬಲ್ಲ. ಹೊಸ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತು, ಕಂಕುಳಲ್ಲಿ ಹಿಡಿಯುತ್ತಿದ್ದರೂ ಟೈಲರಿಗೆ ಬೇಜಾರಾಗಬಾರದೆಂದು ಗಿರಾಕಿಗಳು ನಗುವ ನಗು ಅದು.

"ಎಲ್ಲಿ ಹಿಡೀತಿದೆ ಹೇಳು," ಎಂದ.

ಮಗಳು ಮಾತು ಹುಡುಕಿದಳು. "ಗೊತ್ತಿಲ್ಲಪ್ಪ. ಎಲ್ಲಾ ಸರಿಯಾಗೇ ಇದೆ. ಆದ್ರೆ ಇದು ಅಜ್ಜಿದಲ್ಲ."

ಟೇಪಣ್ಣ ಕೀಗಳ ಮೇಲಿಂದ ಕೈ ತೆಗೆದ. ಹಾಗಾದರೆ ಇಷ್ಟು ದಿನ ತಾನು ಅಮ್ಮನ ಹಾಡು ಎಂದುಕೊಂಡು ಸಾಕಿದ್ದು ಬೇರೆ ಏನನ್ನೋ? ಹುಡುಕುವ ಭರದಲ್ಲಿ ತಾನೇ ಅದನ್ನು ಕಳೆದುಬಿಟ್ಟೆನೇ? ಅಳು ಬರುವಂತಾಯಿತು, ನಾಚಿಕೆಯಾಯಿತು. ಅಷ್ಟರಲ್ಲಿ ಮಗು ಕಿಟಾರನೆ ಕಿರುಚಿತು. ಹೊರಗೆ ಶಾಲೆಯ ಸಮವಸ್ತ್ರಕ್ಕೆಂದು ಬಂದ ತಾಯಿಯೊಬ್ಬಳು ಬಾಗಿಲಲ್ಲಿ ನಿಂತು, ಆಯ್ತಾ ಎಂದು ಕೇಳಿದಳು. ಬೇಜಾರಾದರೂ ಕೆಲಸ ಕಾಯುತ್ತದೆಯೇ? ಅವನು ಸ್ಟೂಲಿನ ಮೇಲೆಯೇ ಮೆಷಿನ್ನಿನ ಕಡೆಗೆ ತಿರುಗಿ, ಗುಂಡುಸೂಜಿ ತುಟಿಗೆ ಕಚ್ಚಿಕೊಂಡು, ಚಡ್ಡಿಯ ಬದಿಯ ಹೊಲಿಗೆಗೆ ಕೂತ. ಮೆಷಿನ್ನು ಓಡಿತು. ಅಂಚು ಮುಟ್ಟಿತು, ನಿಂತಿತು, ನಾಲ್ಕು ಹೊಲಿಗೆ ಹಿಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಬಂತು.

"ಅಪ್ಪಾ," ಎಂದಳು ಮಗಳು. "ಈಗ ಏನು ಮಾಡ್ದೆ? ಇನ್ನೊಂದು ಸಲ ಮಾಡು."

ಅವನು ಇನ್ನೊಂದು ಬದಿ ಹೊಲಿದ. ಓಡಿತು, ನಿಂತಿತು, ಹಿಂದಕ್ಕೆ, ಮುಂದಕ್ಕೆ.

ಮಗಳು ಎದ್ದು ಬಂದು ಮೆಷಿನ್ನಿನ ಮೇಲೆ ಕೈಯಿಟ್ಟಳು. ಅವಳ ಮುಖವೇ ಬದಲಾಗಿತ್ತು. "ಹಾಡೂ ಹೀಗೇ ಹಿಂದಕ್ಕೆ ಬರ್ತಿತ್ತು ಅಪ್ಪ. ಮೆಷಿನ್ ಹಿಂದಕ್ಕೆ ಹೋದಾಗ ಅಜ್ಜಿನೂ ಹಿಂದಕ್ಕೆ ಹೋಗ್ತಿದ್ಳು. ನಾನು ಅದಕ್ಕೇ ಕಾಯ್ತಿದ್ದೆ, ಅದು ಬಂದಾಗ್ಲೇ ನಂಗೆ ನಿದ್ದೆ."

ಟೇಪಣ್ಣನ ತುಟಿಯಿಂದ ಸೂಜಿಗಳು ಒಂದೊಂದಾಗಿ ಮಡಿಲಿಗೆ ಉದುರಿದವು. ಹೌದಲ್ಲ. ಕಾಲು ತುಳಿಯುತ್ತ, ಕೈ ಹೊಲಿಯುತ್ತ ಗುನುಗುತ್ತಿದ್ದವಳು ಬಟ್ಟೆ ಹಿಂದಕ್ಕೆ ಸರಿದಾಗ ಹಾಡನ್ನು ಮಾತ್ರ ಹೇಗೆ ಮುಂದಕ್ಕೆ ಬಿಟ್ಟಾಳು? ಅಮ್ಮ ಪ್ರತಿ ಸಾಲನ್ನೂ ಲಾಕ್ ಮಾಡಿಯೇ ಹಾಡಿದ್ದಳು. ತನ್ನ ಕೈ ಮೊದಲ ದಿನದಿಂದ ಅದನ್ನೇ ಹೇಳುತ್ತಿತ್ತು, ತಾನೇ ಅದನ್ನು ಗದರಿಸಿ ಗದರಿಸಿ ಸುಮ್ಮನಾಗಿಸಿದ್ದ.

ಸಮವಸ್ತ್ರದ ತಾಯಿಗೆ ಸ್ವಲ್ಪ ಕೂತಿರಿ ಎಂದು ಹೇಳಿ ಅವನು ಮತ್ತೆ ಪೆಟ್ಟಿಗೆಯ ಕಡೆಗೆ ತಿರುಗಿದ. ಕೈಯ ಲಗಾಮು ಬಿಟ್ಟ. ಶುರುವಿನಲ್ಲಿ ಎರಡು ಹೆಜ್ಜೆ ಹಿಂದೆ, ಕೊನೆಯಲ್ಲಿ ಎರಡು ಹೆಜ್ಜೆ ಹಿಂದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಹಿಂದಿನಿಂದ ಇನ್ನೊಂದು ದನಿ ಸೇರಿಕೊಂಡಿತು. ಬಾಯಿ ಮುಚ್ಚಿಕೊಂಡು, ಮೂಗಿನಲ್ಲೇ, ಹಿಂದಕ್ಕೆ ಹೋಗುವಲ್ಲಿ ಹಿಂದಕ್ಕೆ ಹೋಗುತ್ತ ಮಗಳು ಗುನುಗುತ್ತಿದ್ದಳು. ಒಂದು ಸ್ವರವೂ ಅತ್ತಿತ್ತ ಆಗಲಿಲ್ಲ. ಟೇಪಣ್ಣನಿಗೆ ಕೀಗಳು ಮಂಜಾಗಿ ಕಂಡವು, ಆದರೂ ಬೆರಳು ತಪ್ಪಲಿಲ್ಲ. ಅವನಿಗೆ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಎರಡನೆಯ ಸಲ ನುಡಿಸಿದ. ಮೂರನೆಯ ಸಲಕ್ಕೆ ಹಿಂದಿನ ದನಿ ಸಣ್ಣಗಾಗಿ ನಿಂತುಹೋಯಿತು. ಅವನು ನಿಲ್ಲಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಹತ್ತಿರ ಬಂದಳು. ಮಗು ಅಳು ನಿಲ್ಲಿಸಿತ್ತು ನಿಜ, ಆದರೆ ಕಣ್ಣು ಬಟ್ಟಲಿನಷ್ಟು ಅಗಲ ಮಾಡಿಕೊಂಡು ತಾತನ ಮೀಸೆಯನ್ನೇ ನೋಡುತ್ತಿತ್ತು.

"ರೀ," ಎಂದು ಅವಳು ಪಿಸುಗುಟ್ಟಿದಳು, "ಇಷ್ಟೆಲ್ಲಾ ಮಾಡಿದ್ರೂ ಮಗು ಮಲಗ್ಲೇ ಇಲ್ಲ ನೋಡಿ."

ಟೇಪಣ್ಣ ತುಳಿಯುವುದನ್ನು ನಿಲ್ಲಿಸದೆ, ಗಲ್ಲದಿಂದಲೇ ಮೆಷಿನ್ನಿನ ಬುಡವನ್ನು ತೋರಿಸಿದ. ಅಲ್ಲಿ ತುಂಡುಬಟ್ಟೆಗಳ ರಾಶಿಯ ಮೇಲೆ, ಮೊಣಕಾಲು ಮಡಚಿಕೊಂಡು, ಕೆನ್ನೆಯ ಕೆಳಗೆ ಒಂದು ಹಳೆಯ ಕಾಲರು ಸಿಕ್ಕಿಸಿಕೊಂಡು, ಮಗಳು ಗಾಢ ನಿದ್ದೆಯಲ್ಲಿದ್ದಳು.

"ಮಲಗಿದೆಯಲ್ಲ," ಎಂದ.